ಬಿಳಿ ಬಟ್ಟೆಯ ಹಿಂದೆ

"ಬಟ್ಟಿಯಾಗ ಬೆರಳ ಎದ್ದ ಕಾಣಾಕತ್ತಾವ್ರಿ ಅಕ್ಕಾರ, ಅಂಗೈ ಚಪ್ಪಟಿ ಇಡ್ರಿ," ಎಂದ ಫೋಟೋ ತೆಗೆಯುವ ಬಂದೇನವಾಜ. ಗಾಲಿಕುರ್ಚಿಯ ಹಿಂದೆ ಇಳಿಬಿಟ್ಟ ಬಿಳಿ ಬಟ್ಟೆಯ ಮರೆಯಲ್ಲಿ ಕಸ್ತೂರಿ ಬೆರಳು ಮಡಚಿದಳು. ಬಟ್ಟೆಯ ಸಮೇತ ತಮ್ಮ ಯಲ್ಲಾಲಿಂಗನ ಕುತ್ತಿಗೆಗೆ ಅಂಗೈ ಆನಿಸಿ ನಿಂತಳು. ಕೈ ಬಿಟ್ಟರೆ ಅವನ ತಲೆ ಎದೆಯ ಮೇಲೆ ಬೀಳುತ್ತಿತ್ತು.

ಹದಿನೆಂಟು ತುಂಬಿದ್ದರಿಂದ ಅಂಗವಿಕಲರ ಪಿಂಚಣಿಗೆ ಅವನ ಹೆಸರಿನಲ್ಲಿ ಹೊಸದಾಗಿ ಅರ್ಜಿ ಹಾಕಬೇಕಿತ್ತು. ಫೋಟೋದಲ್ಲಿ ಬೇರೆಯವರ ಕೈ ಬಿದ್ದಿದೆ ಎಂದು ಕಚೇರಿಯವರು ಒಮ್ಮೆ ತಿರುಗಿಸಿ ಕಳಿಸಿದ್ದರು. ಅವ್ವ ಹೋದಾಗಿನಿಂದ ಅವನನ್ನು ಬಸ್ಸಿಗೆ ಹತ್ತಿಸಿ, ಇಳಿಸಿ, ತಿಕೋಟಾಕ್ಕೆ ಕರೆತರುವವಳು ಅವಳೊಬ್ಬಳೇ.

"ಏ ಹೀರೋ, ಮೀಸಿ ಬಂದಾವಲ್ಲೋ! ಕನ್ಯಾ ನೋಡೂನೇನು?" ಎಂದ ಬಂದೇನವಾಜ. ಯಲ್ಲಾಲಿಂಗ ನಕ್ಕ. ಆ ನಗು ಅವಳ ಅಂಗೈಗೆ ತಿಳಿಯಿತು, ಕಣ್ಣಿಗೆ ಕಾಣಲಿಲ್ಲ. ಕ್ಯಾಮೆರಾ ಮಿಂಚಿತು. "ಆತ್ರಿ, ಈ ಸಲ ಯಾರೂ ಏನೂ ಅನ್ನಂಗಿಲ್ಲ."

ಕಂಪ್ಯೂಟರಿನಲ್ಲಿ ಫೋಟೋ ಚೊಕ್ಕವಾಗಿ ಬಂದಿತ್ತು. ಅವಳ ಬೆರಳಿಲ್ಲ, ಸೆರಗಿಲ್ಲ, ಹಿಂದೆ ಬರೀ ಬಿಳುಪು. ಕಸ್ತೂರಿಗೆ ಎದೆಯ ಭಾರ ಇಳಿದಂತಾಯಿತು. ಕುರ್ಚಿಯನ್ನು ಹತ್ತಿರ ತಳ್ಳಿ, ತಮ್ಮನ ತಲೆಯನ್ನು ತೋಳಿನಲ್ಲಿ ಎತ್ತಿ ಹಿಡಿದು, "ನೋಡೋ, ಎಷ್ಟ್ ಚಂದ ಬಂದಿ!" ಎಂದಳು. ಅವನು ನೋಡಿದ. ಫೋಟೋದ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ನಗು ನಿಂತಿತು.

"ಯಕ್ಕಾ," ಎಂದು ತೊದಲಿದ, "ನೀನೂ ಹೋದೇನ?"