ಸುಣ್ಣ ಬಳಿಯುವ ಮುಂಚೆ

ಮನೆ ಖಾಲಿ ಮಾಡುವವರು ಗೋಡೆಗೆ ಸುಣ್ಣ ಬಳಿಸಿ ಕೊಡಬೇಕೆಂಬುದು ನಮ್ಮೂರಿನ ಕರಾರು. ಇಲ್ಲದಿದ್ದರೆ ಹಳಬರ ಜಗಳ, ಕೆಮ್ಮು, ಹಾಡು ಎಲ್ಲವನ್ನೂ ಹೊಸಬರು ಗೋಡೆಯಿಂದ ಕೇಳುತ್ತ ಕೂರಬೇಕಾಗುತ್ತದೆ.

ತೀರಿಹೋದ ಶೇಷಗಿರಿ ಮಾಸ್ತರರ ಧಾರವಾಡದ ಕೋಣೆಯ ಕೀಲಿಯನ್ನು ಇವತ್ತು ಒಪ್ಪಿಸಬೇಕಿತ್ತು. ಮಾಬುಸಾಬರು ಸುಣ್ಣ ಕಲಸುತ್ತಿದ್ದರು. ನಾನು ಗೋಡೆಗೆ ಅಂಗೈ ಒತ್ತಿ, ಅದು ನುಡಿಸಿದ ಮಾಸ್ತರರ ಪಿಟೀಲು ಕೃತಿಯನ್ನು ಬರೆದುಕೊಳ್ಳುತ್ತಿದ್ದೆ. ಯಾವ ರಾಗಕ್ಕೂ ಒಗ್ಗದ, ಒಂದನ್ನೊಂದು ತರಚುವ ಸ್ವರಗಳು. ನಾನು ಸಂಗೀತ ರಚನೆಗೆ ಇಳಿದದ್ದೇ ಅವುಗಳ ಹುಚ್ಚಿನಿಂದ.

"ಹಾಡೇನ್ರಿ ಬಾಯಾರ ಇದು? ತುಕ್ಕ ಹಿಡದ ಬಾಗಲಾ ತಗದಂಗ ಐತಿ."

"ಹೌದ್ರೀ. ಆ ಬಾಗಲದ ಆಚೆ ಏನದ, ಕೇಳ್ರಿ."

ಅವರು ಕೈ ನಿಲ್ಲಿಸಿ ಕೇಳಿದರು. ಕೊನೆಯ ಸ್ವರ ಎಲ್ಲೂ ಇಳಿಯದೆ ಗಾಳಿಯಲ್ಲೇ ನಿಂತಿತು. ಬಳಿಕ ಗೋಡೆಯೊಳಗಿಂದ ಒಬ್ಬರದೇ ಚಪ್ಪಾಳೆ.

"ಯಾರ್ರೀ ಅದು?"

"ನಾನ. ಆಗ ಹತ್ತೊಂಬತ್ತು ವರ್ಷ ನನಗ. ಅವತ್ತ ಕೇಳ್ಲಿಕ್ಕೆ ಬಂದಾಕಿ ನಾ ಒಬ್ಬಾಕಿನ."

ಮಾಬುಸಾಬರು ಎದ್ದು ನಿಂತು, ಸುಣ್ಣ ಮೆತ್ತಿದ ಕೈಗಳಿಂದ ಚಪ್ಪಾಳೆ ತಟ್ಟಿದರು. ಗೋಡೆ ಅದನ್ನೂ ಹೀರಿಕೊಂಡಿತು.

ಅವರು ಬಳಿಯತೊಡಗಿದಾಗ ನಾನು ಹಾಳೆಯ ಕೊನೆಯಲ್ಲಿ ಬರೆದೆ: ಕೇಳುಗರು, ಇಬ್ಬರು.