ಎಂಟೇ ಮಂದಿ

ಹುಡುಗಿಯರ ಬೇಸ್‌ಬಾಲ್ ತಂಡವನ್ನು ಮುಚ್ಚುವ ಕಾಗದಕ್ಕೆ ಸಹಿ ಹಾಕಲು ಪ್ರಾಂಶುಪಾಲರು ಪೆನ್ನು ತೆಗೆದರು. ಎದುರಿಗೆ ನಿಂತವಳು ಇಪ್ಪತ್ಮೂರರ ನೀಲವ್ವ, ತಂಡಕ್ಕೆ ಆಟ ಕಲಿಸುವವಳು.

“ಕೋಚ್‌ಗೆ ಕೊಡಾಕ ಕಾಲೇಜಿನಾಗ ರೊಕ್ಕಿಲ್ಲ ನೋಡವಾ. ಇವತ್ತಿಗೆ ನಿನ್ನ ಕೆಲಸ ಮುಗೀತು.”

“ನಾ ಹೋಗ್ತೀನ್ರಿ ಸರ್. ತಂಡ ಇರ್ಲಿ.”

“ಹಾಜರಿ ಸಾಲದ್ದಕ್ಕ ಒಬ್ಬಾಕಿ ಹೊರಗ ಬಿದ್ದಾಳ. ಉಳಿದವರು ಎಂಟ ಮಂದಿ. ಆಟಕ್ಕ ಒಂಬತ್ತು ಬೇಕು. ಸಂಜೀತನಕ ಕಾಲೇಜಿನಾಗ ಕಲಿಯೋ ಇನ್ನೊಬ್ಬಾಕಿನ್ನ ಹುಡುಕ್ಕೊಂಡು ಬಾ, ಈ ಕಾಗದ ಹರೀತೀನಿ,” ಎಂದು ಅವರು ನಕ್ಕರು.

ನೀಲವ್ವ ಹೊರಬಿದ್ದಳು. ಅರ್ಧ ತಾಸಿಗೆ ಮರಳಿ ಬಂದು ಮೇಜಿನ ಮೇಲೆ ಮಡಿಚಿದ ರಸೀದಿಯೊಂದನ್ನು ಇಟ್ಟಳು.

“ಸಿಕ್ಕಳೇನವಾ ಒಂಬತ್ತನೇದಾಕಿ?”

“ಸಿಕ್ಕಾಳ್ರಿ ಸರ್. ಎಂ.ಎ.ಗೆ ನಾನ ಈಗ ಫೀ ಕಟ್ಟಿ ಬಂದೀನಿ. ಆ ಕಾಗದ ಹರೀರಿ.”