ಬೂದು ಟೋಪಿಯವನು

ಬೂದು ಟೋಪಿಯವನು ಈ ಊರಿಗೂ ಬಂದಿದ್ದ.

ವೇದಿಕೆಯ ಎಡಬದಿಗೆ, ದೀಪದ ಕಂಬಕ್ಕೆ ಒರಗಿ ನಿಂತಿದ್ದ. ಅವನನ್ನು ಕಂಡದ್ದೇ ಡ್ರಮ್ಮಿನವನ ಕೋಲು ಒಂದು ಏಟು ತಪ್ಪಿತು. ಮುಂದೆ ನಿಂತು ಬ್ಯಾಗ್‌ಪೈಪ್ ಊದುತ್ತಿದ್ದ ಹೆಂಡತಿ ತಿರುಗಿ ನೋಡಲಿಲ್ಲ. ಅವಳ ಕಣ್ಣೂ ಎಡಕ್ಕೇ ನೆಟ್ಟಿತ್ತು.

ಈ ಬೇಸಿಗೆಯಲ್ಲಿ ಇದು ಐದನೆಯ ಉತ್ಸವ. ಐದೂ ಕಡೆ ಅದೇ ಟೋಪಿ, ಅದೇ ಎಡಬದಿ. ಎಲ್ಲರೂ ಚಪ್ಪಾಳೆ ತಟ್ಟಿದರೆ ಇವನು ತಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತಾ ನಿಂತುಬಿಡುತ್ತಿದ್ದ. ಮುಚ್ಚಿದ ಆ ಕಣ್ಣೊಳಗೆ ಯಾರಿದ್ದಾರೆಂದು ಊಹಿಸಿಕೊಂಡಾಗಲೆಲ್ಲ ಡ್ರಮ್ಮಿನವನ ಏಟು ಜೋರಾಗುತ್ತಿತ್ತು.

ಮದುವೆಯಾಗಿ ಹತ್ತೊಂಬತ್ತು ವರ್ಷ. ಜೊತೆಯಾಗಿ ನುಡಿಸಲು ಶುರುಮಾಡಿ ಇಪ್ಪತ್ತು. ಜನ ನೋಡುವುದು ಅವಳನ್ನೇ ಎಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಕಂಕುಳಲ್ಲಿ ಚೀಲ ಅವುಚಿಕೊಂಡು, ಭುಜದ ಮೇಲೆ ಮೂರು ಕೊಳವೆ ಹೊತ್ತು, ಕೆನ್ನೆ ಉಬ್ಬಿಸಿ ಅವಳು ನಿಂತಳೆಂದರೆ ಅಳುವ ಮಕ್ಕಳೂ ಬಾಯಿ ಮುಚ್ಚುತ್ತಿದ್ದವು. ಪೋಸ್ಟರಿನ ತುಂಬ ಅವಳ ಮುಖ. ಅವಳ ಮೊಣಕೈ ಹಿಂದೆ ಇವನ ಅರ್ಧ ಕಿವಿ. ಅದಕ್ಕೆ ಅವನೆಂದೂ ಮುಖ ಸಣ್ಣದು ಮಾಡಿಕೊಂಡವನಲ್ಲ. ಹೋದಲ್ಲೆಲ್ಲ ಜನ ಮುಗಿಬೀಳುವ ಹೆಂಗಸು ಮನೆಗೆ ಬರುವುದು ತನ್ನ ಜೊತೆಗೆ. ಅಷ್ಟೇ ಅವನಿಗೆ ಸಾಕಾಗಿತ್ತು.

ಆದರೆ ವರ್ಷದ ಆರಂಭದಿಂದ ಅವಳು ಬದಲಾಗಿದ್ದಳು. ಫೋನ್ ಬಂದರೆ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಮಾತಾಡುತ್ತಿದ್ದಳು. ಅಂಚೆಯವನು ಬರುವ ಹೊತ್ತಿಗೆ ತಾನೇ ಬಾಗಿಲಿಗೆ ಓಡುತ್ತಿದ್ದಳು. ಕಾರ್ಯಕ್ರಮದ ಕೊನೆಗೆ ಅವನೊಬ್ಬನೇ ಐದು ನಿಮಿಷ ಬಾರಿಸುವ ಪದ್ಧತಿಯಿತ್ತು. ಜನಕ್ಕೆ ಬೇಜಾರಾಗುತ್ತದೆಂದು ಹೇಳಿ ಅದನ್ನು ತೆಗೆಸಿಹಾಕಿದಳು. ಆಮೇಲೆ, ಸದ್ದು ಹೆಚ್ಚಾಯಿತೆಂದು ಡ್ರಮ್ಮನ್ನೇ ಎರಡು ಹೆಜ್ಜೆ ಹಿಂದಕ್ಕಿಡಿಸಿದಳು. ಇಷ್ಟೆಲ್ಲ ಯಾರ ಕಣ್ಣಿಗೆ ಬೀಳಲು ಎಂಬುದು ಅವನಿಗೆ ಟೋಪಿಯವನನ್ನು ಕಂಡ ಮೇಲೆ ಹೊಳೆಯಿತು.

ಹೋದ ವಾರ ಪೈಪಿನ ಪೆಟ್ಟಿಗೆಯ ತಳದಲ್ಲಿ ಹರಿದ ಕಾಗದದ ಚೂರೊಂದು ಸಿಕ್ಕಿತ್ತು. ಗಂಡಸಿನ ದುಂಡು ಅಕ್ಷರ. ‘ಇಂಥ ಕೈಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಷ್ಟು ದಿನ ಬೇಕಾದರೂ ಕಾಯುತ್ತೇನೆ.’ ಅವನು ಅದನ್ನು ಹಾಗೇ ತಳದಲ್ಲಿಟ್ಟು, ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದ. ಪಾತ್ರೆ ತೊಳೆಯುತ್ತಿದ್ದ ಅವಳ ಬೆರಳುಗಳನ್ನು ಬಹಳ ಹೊತ್ತು ನೋಡಿದ. ನಿಜ, ಚೆಂದದ ಬೆರಳುಗಳೇ.

ಅವರ ಉಡುಪು ಹೊಲಿದುಕೊಡುವವಳು ಅವನ ನಾದಿನಿ. ಕೋಟಿನ ಗುಂಡಿ ಹಾಕಿಸುವ ನೆಪದಲ್ಲಿ ಅವಳ ಅಂಗಡಿಗೆ ಹೋಗಿ, ಅಕ್ಕನ ಮನಸ್ಸಿನಲ್ಲಿ ಏನಿದೆಯೆಂದು ಸುತ್ತಿಬಳಸಿ ಕೇಳಿದ. ಅವಳು ಹಲ್ಲಿನಲ್ಲಿ ದಾರ ಕಡಿದು, ತಲೆ ಎತ್ತದೆ ಹೇಳಿದಳು: “ಅಕ್ಕನಿಗೆ ನಿಮ್ಮನ್ನ ಕಳ್ಕೊಂಡ್ಬಿಡ್ತೀನೇನೋ ಅಂತ ಭಯ, ಭಾವ.”

ಸಿಕ್ಕಿಬಿದ್ದರೆ ಕಳೆದುಕೊಳ್ಳಲೇಬೇಕಲ್ಲ, ಭಯವಿರದೆ ಇರುತ್ತದೆಯೇ ಎಂದುಕೊಂಡು ಕೋಟು ಹೆಗಲಿಗೇರಿಸಿ ಬಂದಿದ್ದ.

ಇವತ್ತು ಮೊದಲ ಭಾಗ ಮುಗಿದು ವಿರಾಮ ಬಿಟ್ಟಾಗ ನೀರಿನ ಬಾಟಲಿ ತರಲು ವೇದಿಕೆಯ ಹಿಂದಕ್ಕೆ ಹೋದ. ಡೇರೆಯ ಬಟ್ಟೆಯಾಚೆ ಹೆಂಡತಿಯ ದನಿ. ಅವನು ನಿಂತಲ್ಲೇ ನಿಂತ.

“ಇನ್ನು ನನ್ನ ಕೈಲಾಗಲ್ಲ,” ಎನ್ನುತ್ತಿತ್ತು ಗಂಡು ದನಿ. “ಇವತ್ತು ನಾನೇ ಅವರ ಹತ್ರ ಮಾತಾಡ್ಬಿಡ್ತೀನಿ.”

“ಬೇಡ. ದಯವಿಟ್ಟು ಬೇಡ. ಅವರ ಕಿವಿಗೆ ಈ ಮಾತು ಬಿದ್ರೆ ನಮ್ಮಿಬ್ಬರ ಜೋಡಿ ಅಲ್ಲಿಗೆ ಮುಗೀತು.”

ಅವಳ ದನಿ ಒಡೆದಿತ್ತು. ಹತ್ತೊಂಬತ್ತು ವರ್ಷದಲ್ಲಿ ತನಗಾಗಿ ಅವಳ ದನಿ ಹೀಗೆ ಒಡೆದದ್ದುಂಟೇ ಎಂದು ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಹೊಡೆದುಬಿಡುವಷ್ಟು ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪೈಪ್ ಶ್ರುತಿ ಮಾಡಿಕೊಳ್ಳಲು ಅವಳು ಆಚೆ ಹೋಗುವ ತನಕ ಕಾದ. ಆಮೇಲೆ ಬಟ್ಟೆ ಸರಿಸಿ ಟೋಪಿಯವನ ಎದುರು ನಿಂತ.

“ನನಗೆಲ್ಲಾ ಗೊತ್ತಾಗಿದೆ,” ಅಂದ.

ಟೋಪಿಯವನ ಮುಖ ಅರಳಿತು. “ಸದ್ಯ. ನನ್ನ ತಲೆ ಮೇಲಿನ ಭಾರ ಇಳೀತು. ನಿಮ್ಮ ತೀರ್ಮಾನ ಏನು ಸಾರ್?”

ಇಂಥ ಭಂಡತನಕ್ಕೆ ಡ್ರಮ್ಮಿನವನು ತಯಾರಿರಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದ ಬೈಗುಳಗಳೆಲ್ಲ ಮರೆತೇಹೋದವು. ಒಲ್ಲದವಳನ್ನು ಕಟ್ಟಿಹಾಕಿಕೊಂಡು ಡ್ರಮ್ ಬಾರಿಸುವುದರಲ್ಲಿ ಏನಿದೆ? ಕೈ ಹಿಸುಕಿಕೊಂಡು, ನೆಲ ನೋಡುತ್ತಾ, ತಾನು ಅಡ್ಡ ಬರುವುದಿಲ್ಲವೆಂದ. ಚೆನ್ನಾಗಿ ನೋಡಿಕೊಳ್ಳಬೇಕೆಂದೂ, ಚಳಿಗಾಲದಲ್ಲಿ ಅವಳಿಗೆ ಎದೆ ಕಟ್ಟುತ್ತದೆಂದೂ ಹೇಳಿದ. ಕೊನೆಗೆ ತಲೆ ಎತ್ತಿದ.

“ಕರ್ಕೊಂಡು ಹೋಗಿ.”

“ಯಾರನ್ನ?”

“ಅವಳನ್ನ.”

ಅಷ್ಟರಲ್ಲಿ ಅವಳು ಡೇರೆಯ ಬಾಗಿಲಿಗೆ ಬಂದಳು. ಇಬ್ಬರನ್ನೂ ಒಟ್ಟಿಗೆ ಕಂಡದ್ದೇ ತಡ, ಕಂಕುಳು ಸಡಿಲವಾಗಿ, ಚೀಲದ ಗಾಳಿ ನರಳುತ್ತಾ ಹೊರಗೆ ಹೋಯಿತು. ಅವರ ಮಾತು ಕೇಳಬೇಡಿ ರೀ ಎಂದು ಪಿಸುಗುಟ್ಟಿದಳು.

ಟೋಪಿಯವನು ಅವಳನ್ನು ನೋಡಿದ, ಗಂಡನನ್ನು ನೋಡಿದ, ತಬ್ಬಿಬ್ಬಾದ.

“ಪೈಪ್ ಊದೋರು ನಮ್ಮ ತಂಡದಲ್ಲಿ ಆಗಲೇ ಹದಿನಾಲ್ಕು ಜನ ಇದ್ದಾರೆ ಸಾರ್, ಇವರನ್ನ ಕರ್ಕೊಂಡೋಗಿ ನಾನೇನು ಮಾಡ್ಲಿ? ಆರು ತಿಂಗಳಿಂದ ನಿಮ್ಮನ್ನ ಬಿಟ್ಟುಕೊಡಿ ಅಂತ ಇವರ ಬೆನ್ನು ಹತ್ತಿರೋನು ನಾನು.”